ಕುಂಸಿಯ ಕಲ್ಲಿನ ಮೇಲೆ ಜರಿಗಿಡ, ಭೂಮಿಯ ವಯಸ್ಸು ಮತ್ತು ಭಾವನ ಲೆಕ್ಕ

ಪ್ರಶ್ನೆ (ಕುಂಸಿ ಹತ್ತಿರದ ಅಡಿಕೆ ಬೆಳೆಗಾರರೊಬ್ಬರ ಪತ್ರದಿಂದ):

"ಅಡಿಕೆ ಒಣಗಿಸೋ ಅಂಗಳ ದೊಡ್ಡದು ಮಾಡೋಣ ಅಂತ ಮನೆ ಹಿಂದಿನ ದರೆ ಕಡಿಸಿದೆವು. ಜೆಸಿಬಿಗೆ ಸಿಕ್ಕಿ ಸೀಳಿದ ಒಂದು ಹಲಗೆ ಕಲ್ಲಿನ ಮೇಲೆ ಕಪ್ಪು ಬಣ್ಣದಲ್ಲಿ ಜರಿಗಿಡದ ಎಲೆ ಅಚ್ಚೊತ್ತಿದ ಹಾಗಿದೆ. ಫೋಟೋ ಇಟ್ಟಿದ್ದೇನೆ. ನೋಡಿದವರೊಬ್ಬರು ಇದು ಪಳೆಯುಳಿಕೆ, ಲಕ್ಷಗಟ್ಟಲೆ ಬೆಲೆ ಬಾಳುತ್ತೆ, ಕಾರ್ಬನ್ ಡೇಟಿಂಗ್ ಮಾಡಿಸಿ ಅಂದರು. ದ್ವಿತೀಯ ಪಿಯುಸಿ ಓದುವ ಮಗಳು ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಇದನ್ನೇ ಇಡ್ತೀನಿ ಅಂತಿದ್ದಾಳೆ. ಇದೇ ನೆಪದಲ್ಲಿ ಮನೆಯಲ್ಲಿ ವಾದ ಎದ್ದಿದೆ. ನಮ್ಮ ಭಾವ ಓದಿಕೊಂಡವರು. ಅವರು ಹೇಳೋದು ಹೀಗೆ: ಭೂಮಿಯ ವಯಸ್ಸು ಮೊದಲು 6 ಸಾವಿರ ವರ್ಷ ಅಂದರು, ಆಮೇಲೆ 30 ಕೋಟಿ, ಆಮೇಲೆ 10 ಕೋಟಿ, ಆಮೇಲೆ 2 ಕೋಟಿ, ಈಗ 454 ಕೋಟಿ. ಡಾರ್ವಿನ್ನೇ ತನ್ನ ಲೆಕ್ಕ ವಾಪಸ್ ತಗೊಂಡ. ಕಾರ್ಬನ್ ಡೇಟಿಂಗ್ 50 ಸಾವಿರ ವರ್ಷದ ಆಚೆ ನಡೆಯೋದೇ ಇಲ್ಲ. ಮಲೆನಾಡಿನ ಕಲ್ಲು ಅಷ್ಟು ಹಳೇದಾದರೆ ಒಂದಾದರೂ ಮೂಳೆ ಯಾಕೆ ಸಿಕ್ಕಿಲ್ಲ? ನಮ್ಮ ಹಿರಿಯರು 432 ಕೋಟಿ ಅಂತ ಮೊದಲೇ ಹೇಳಿದ್ದರು, ದಶಾವತಾರವೇ ವಿಕಾಸವಾದ. 10ನೇ ತರಗತಿ ಪುಸ್ತಕದಿಂದ ಈ ಪಾಠ ತೆಗೆದಿದ್ದೂ ಅದು ಸುಳ್ಳು ಅಂತಲೇ. ಮಗಳಿಗೆ ಏನು ಹೇಳಲಿ? ಕಲ್ಲನ್ನು ಏನು ಮಾಡಲಿ?"

ಉತ್ತರ:

ನಿಮ್ಮ ಪತ್ರದಲ್ಲಿ ಕಲ್ಲು ಒಂದು, ತಕರಾರು ಐದು. ಕಲ್ಲಿನದು ಸುಲಭ, ಮೊದಲು ಅದನ್ನು ಮುಗಿಸೋಣ.

ಫೋಟೋದಲ್ಲಿರುವುದು ಗಿಡವಲ್ಲ, ಡೆಂಡ್ರೈಟ್. ಮ್ಯಾಂಗನೀಸ್ ಕರಗಿದ ನೀರು ಕಲ್ಲಿನ ಕೂದಲೆಳೆಯಷ್ಟು ಬಿರುಕಿನೊಳಗೆ ಜಿನುಗುತ್ತದೆ. ಆಕ್ಸಿಜನ್ ತಾಗಿದಲ್ಲಿ ಮ್ಯಾಂಗನೀಸ್ ಕಪ್ಪು ಆಕ್ಸೈಡಾಗಿ ಕೂರುತ್ತದೆ. ಯಾವ ತುದಿ ಸ್ವಲ್ಪ ಮುಂದೆ ಚಾಚಿದೆಯೋ ಹೊಸ ನೀರು ಮೊದಲು ಅದಕ್ಕೇ ಸಿಗುವುದರಿಂದ ಆ ತುದಿಯೇ ಮತ್ತೆ ಬೆಳೆಯುತ್ತದೆ, ಕವಲೊಡೆಯುತ್ತದೆ. ಹಿಂದೆ ಬಿದ್ದ ಜಾಗ ಖಾಲಿ ಉಳಿಯುತ್ತದೆ. ಕೊನೆಗೆ ಕಾಣುವುದು ಜರಿಗಿಡದ ಎಲೆ. ಕುಂಸಿ ಸುತ್ತ ಮ್ಯಾಂಗನೀಸ್ ಗಣಿಗಾರಿಕೆ ಎಷ್ಟು ಹಳೆಯದು ಎಂದು ನಿಮಗೆ ಗೊತ್ತೇ ಇದೆ, ಅಲ್ಲಿ ಇಂಥ ಕಲ್ಲು ಸಿಗದಿದ್ದರೆ ಆಶ್ಚರ್ಯಪಡಬೇಕಿತ್ತು. 'ಪಳೆಯುಳಿಕೆ' ಎಂದು ಜನ ಹಿಡಿದು ತರುವ ಕಲ್ಲುಗಳಲ್ಲಿ ಇದು ಬಹಳ ಸಾಮಾನ್ಯ.

ನನ್ನ ಮಾತು ನಂಬಬೇಕಿಲ್ಲ, ಮಗಳೇ ಪರೀಕ್ಷೆ ಮಾಡಲಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈ ಮಸೂರ ಹಿಡಿದು ನಡುನಾಳ ಹುಡುಕಲಿ. ನಿಜವಾದ ಎಲೆಗೆ ನಡುವೆ ಒಂದು ದಪ್ಪ ನಾಳ, ಅದರಿಂದ ಲೆಕ್ಕಾಚಾರದಲ್ಲಿ ಹೊರಟ ಕಿರುನಾಳಗಳು, ಒಂದು ಖಚಿತವಾದ ಅಂಚು ಇರುತ್ತವೆ. ಡೆಂಡ್ರೈಟಿನಲ್ಲಿ ಕವಲುಗಳು ಎತ್ತ ಬೇಕಾದರೂ ಹೋಗಿರುತ್ತವೆ. ಅವು ಹೆಚ್ಚಾಗಿ ಬಿರುಕಿನ ಒಂದು ಗೆರೆಯಿಂದ ಹೊರಟಿರುತ್ತವೆ, ಒಂದು 'ಎಲೆ' ಇನ್ನೊಂದನ್ನು ಮುಚ್ಚಿರುವುದಿಲ್ಲ. ಆಮೇಲೆ ಕಲ್ಲನ್ನು ಬ್ರಷ್‌ನಿಂದ ತಿಕ್ಕಿ ತೊಳೆದು ಒಣಗಿಸಿ, ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಒಂದು ಹನಿ ಕಪ್ಪು ಗೆರೆಯ ಮೇಲೆ, ಒಂದು ಹನಿ ಕಪ್ಪಿಲ್ಲದ ಜಾಗದ ಮೇಲೆ ಬಿಡಲಿ. ಮ್ಯಾಂಗನೀಸ್ ಆಕ್ಸೈಡ್ ಇದ್ದರೆ ಗೆರೆಯುದ್ದಕ್ಕೂ ಸಣ್ಣ ಗುಳ್ಳೆ ಏಳುತ್ತದೆ, ಪಕ್ಕದಲ್ಲಿ ಏಳುವುದಿಲ್ಲ. ತೊಳೆಯದೆ ಮಾಡಿದರೆ ತೋಟದ ಮಣ್ಣಿನ ಸಾವಯವ ಅಂಶಕ್ಕೂ ಗುಳ್ಳೆ ಬಂದು ಮೋಸ ಹೋಗುತ್ತೀರಿ. ಗುಳ್ಳೆ ಬರಲೇ ಇಲ್ಲ ಎಂದಾಕ್ಷಣ ಗಿಡ ಎಂದೂ ಅಲ್ಲ, ಕಬ್ಬಿಣದ ಆಕ್ಸೈಡಿನ ಡೆಂಡ್ರೈಟೂ ಇರುತ್ತದೆ. ಒಂದು ಎಚ್ಚರಿಕೆ: ಬಚ್ಚಲು ತೊಳೆಯುವ ಆಸಿಡ್ ಮಾತ್ರ ಹಾಕಬೇಡಿ. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಮ್ಯಾಂಗನೀಸ್ ಡೈಆಕ್ಸೈಡಿಗೆ ಬಿದ್ದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಆಟದ ವಸ್ತುವಲ್ಲ.

ಬೆಲೆಯ ಮಾತು ಬಿಡಿ. ಇದು ಚಂದದ ಕಲ್ಲು, ಲಕ್ಷದ ಕಲ್ಲಲ್ಲ.

ಇನ್ನು ಭಾವನ ಪ್ರಶ್ನೆಗಳು. ಇವುಗಳಲ್ಲಿ ಎರಡು ನಿಜಕ್ಕೂ ಒಳ್ಳೆಯ ಪ್ರಶ್ನೆಗಳು. ಮಲೆನಾಡಿನಲ್ಲಿ ಮೂಳೆ ಯಾಕೆ ಸಿಕ್ಕಿಲ್ಲ ಎನ್ನುವುದು ಅವುಗಳಲ್ಲಿ ಮೊದಲನೆಯದು, ಯಾಕೆಂದರೆ ಡಾರ್ವಿನ್ನನನ್ನು ಬಹಳ ಕಾಡಿದ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ.

1859ರಲ್ಲಿ ಆತ ತನ್ನ ಸಿದ್ಧಾಂತ ಪ್ರಕಟಿಸಿದಾಗ ತಿಳಿದಿದ್ದ ಅತಿ ಹಳೆಯ ಪಳೆಯುಳಿಕೆಗಳೆಂದರೆ ಇಂದು ನಾವು ಕೇಂಬ್ರಿಯನ್ ಎನ್ನುವ ಯುಗದವು. ಅವುಗಳಲ್ಲೇ ಆಗಲೇ ಕಣ್ಣು, ಕಾಲು, ಚಿಪ್ಪು ಇರುವ ಸಮುದ್ರಜೀವಿಗಳಾದ ಟ್ರೈಲೋಬೈಟ್‌ಗಳಿದ್ದವು. ಜೀವ ಹಂತ ಹಂತವಾಗಿ ಬದಲಾಗಿ ಬಂದದ್ದೇ ಆದರೆ ಅದಕ್ಕೂ ಕೆಳಗಿನ ಪದರಗಳಲ್ಲಿ ಅವುಗಳ ಪೂರ್ವಜರು ಇರಬೇಕಲ್ಲ? ಕೆಳಗಿನ ಬಂಡೆಗಳು ಖಾಲಿ. ಇದಕ್ಕೆ ತನ್ನ ಬಳಿ ಸಮಾಧಾನದ ಉತ್ತರವಿಲ್ಲ, ಇದನ್ನು ನನ್ನ ವಿರುದ್ಧದ ವಾದವಾಗಿ ಬಳಸಿದರೆ ಅದು ನ್ಯಾಯವೇ ಎಂದು ಆತ ಪುಸ್ತಕದಲ್ಲೇ ಒಪ್ಪಿಕೊಂಡ.

ಆ ಖಾಲಿ ಪುಟದ ಕಾಲದಲ್ಲೇ ನಮ್ಮ ಬಂಡೆಗಳು ಹುಟ್ಟಿದವು. ಕೇಂಬ್ರಿಯನ್ ಶುರುವಾದದ್ದು ಸುಮಾರು 53.9 ಕೋಟಿ ವರ್ಷಗಳ ಹಿಂದೆ. ಶಿವಮೊಗ್ಗ, ಚಿಕ್ಕಮಗಳೂರು ಸೀಮೆಯ ಧಾರವಾಡ ಶಿಲೆಗಳಿಗೆ ಸುಮಾರು 290ರಿಂದ 260 ಕೋಟಿ ವರ್ಷ. ಅವುಗಳ ಅಡಿಯಲ್ಲಿರುವ ಪೆನಿನ್ಸುಲಾರ್ ನೈಸ್ ಎಂಬ ಪಟ್ಟೆ ಪಟ್ಟೆಯ ಬೂದು ಬಂಡೆ 300 ಕೋಟಿ ವರ್ಷ ದಾಟಿದ್ದು, ಕೆಲವೆಡೆ 330 ಕೋಟಿ. ಮೂಳೆ ಎನ್ನುವ ವಸ್ತು ಜಗತ್ತಿನಲ್ಲಿ ಬಂದದ್ದೇ 50 ಕೋಟಿ ವರ್ಷಗಳ ಈಚೆಗೆ. ನಿಮ್ಮ ದರೆಯ ಕಲ್ಲಿನೊಳಗೆ ಮೂಳೆ ಸಿಗದಿರುವುದು ವಿಕಾಸವಾದಕ್ಕೆ ತೊಂದರೆಯಲ್ಲ. ಸಿಕ್ಕಿದ್ದರೆ ತೊಂದರೆ. ಕುಂಸಿಯ ಫಿಲ್ಲೈಟ್ ಎಂಬ ಹಲಗೆಯಂತೆ ಸೀಳುವ ಕಲ್ಲಿನ ಒಳಗಿಂದ ಒಂದೇ ಒಂದು ಮೊಲದ ದವಡೆ ಬಂದರೂ ಇಡೀ ಕಟ್ಟಡ ಕುಸಿಯುತ್ತದೆ. ಇಷ್ಟು ವರ್ಷ ಗಣಿ ತೋಡಿ, ಬಾವಿ ತೋಡಿ, ಹೆದ್ದಾರಿಗೆ ಗುಡ್ಡ ಕಡಿದರೂ ಅಂಥದ್ದು ಬಂದಿಲ್ಲ.

ಹಾಗಾದರೆ ಆಮೇಲಿನ ಕಾಲದ, ಡೈನೋಸಾರ್ ಕಾಲದ ಮೂಳೆಗಳು? ಪಳೆಯುಳಿಕೆ ಆಗಬೇಕಾದರೆ ಸತ್ತ ಪ್ರಾಣಿಯ ಮೇಲೆ ಹೂಳು ಬೀಳಬೇಕು, ಹೂಳಿನ ಮೇಲೆ ಹೂಳು ಕೂತು ಕಲ್ಲಾಗಬೇಕು. ತಮಿಳುನಾಡಿನ ಅರಿಯಲೂರಿನಲ್ಲಿ ಆಗ ಸಮುದ್ರ ಒಳನುಗ್ಗಿತ್ತು, ಹೂಳು ಕೂತಿತು, ಇಂದು ಅಲ್ಲಿ ಅಮೋನೈಟ್ ಎಂಬ ಸಮುದ್ರಜೀವಿಯ ಸುರುಳಿ ಚಿಪ್ಪುಗಳು ಸಿಗುತ್ತವೆ. ನಮ್ಮ ಭಾಗ ಆ ಕಾಲಕ್ಕೆ ಎತ್ತರದ ನೆಲ. ಇಲ್ಲಿಂದ ಮಣ್ಣು ಕೊಚ್ಚಿ ಹೋಯಿತೇ ಹೊರತು ಬಂದು ಕೂರಲಿಲ್ಲ. ಈಚಿನ ಮೂಳೆಗಳ ಕಥೆ ಇನ್ನೂ ಸರಳ. ಈ ಪಾಟಿ ಮಳೆ, ಹುಳಿ ಮಣ್ಣು, ಜಂಬಿಟ್ಟಿಗೆ. ಅದರಲ್ಲಿ ಮೂಳೆಯ ಸುಣ್ಣದ ಅಂಶ ಕರಗಿಹೋಗುತ್ತದೆ. ನಿಮ್ಮ ತೋಟದಲ್ಲಿ ಅಜ್ಜನ ಕಾಲದಲ್ಲಿ ಹೂತ ದನದ ಮೂಳೆಯನ್ನು ಈಗ ಹುಡುಕಿ ನೋಡಿ.

ಆದರೆ ಜೀವದ ಗುರುತೇ ಇಲ್ಲ ಎನ್ನಬೇಡಿ. ಡಾರ್ವಿನ್ನನ ಪ್ರಶ್ನೆಗೆ ಉತ್ತರ ಸಿಗತೊಡಗಿದ್ದು ಆತ ಸತ್ತು ಎಷ್ಟೋ ವರ್ಷಗಳ ಮೇಲೆ. 1954ರಲ್ಲಿ ಟೈಲರ್ ಮತ್ತು ಬಾರ್ಗ್‌ಹೂರ್ನ್ ಕೆನಡಾದ ಗನ್‌ಫ್ಲಿಂಟ್ ಎಂಬ ಸುಮಾರು 190 ಕೋಟಿ ವರ್ಷದ ಶಿಲೆಯನ್ನು ಬೆಳಕು ಹಾಯುವಷ್ಟು ತೆಳುವಾಗಿ ಉಜ್ಜಿ, ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾದಂಥ ಎಳೆಗಳನ್ನು ತೋರಿಸಿದರು. ಅಲ್ಲಿಯವರೆಗೆ ಹೆಚ್ಚಿನವರು ಚಿಪ್ಪು, ಮೂಳೆ ಹುಡುಕುತ್ತಿದ್ದರು. ಹುಡುಕಬೇಕಿದ್ದದ್ದು ಲೋಳೆಯನ್ನು. ಸೂಕ್ಷ್ಮಜೀವಿಗಳ ಲೋಳೆಚಾಪೆ ಆಳವಿಲ್ಲದ ನೀರಿನಲ್ಲಿ ಸಣ್ಣ ಕೆಸರನ್ನು ಹಿಡಿದಿಟ್ಟುಕೊಂಡು, ಅದರ ಮೇಲೆ ಮತ್ತೆ ಬೆಳೆದು, ಪದರದ ಮೇಲೆ ಪದರ ಕಟ್ಟಿದ ಗುಬುಟು ಆಕಾರಕ್ಕೆ ಸ್ಟ್ರೊಮಟೊಲೈಟ್ ಎನ್ನುತ್ತಾರೆ. ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ಇವು ಇಂದಿಗೂ ಬೆಳೆಯುತ್ತಿವೆ. ನಿಮ್ಮ ಕುಂಸಿ ಕಡೆಯ ಸುಣ್ಣಶಿಲೆಗಳಲ್ಲಿ, ಸಂಡೂರಿನಲ್ಲಿ, ಚಿಕ್ಕನಾಯಕನಹಳ್ಳಿ ಕಡೆಯ ದೊಡ್ಡಗುಣಿಯಲ್ಲಿ ಇಂಥವನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ, ವಯಸ್ಸು ಸುಮಾರು 260 ಕೋಟಿ ವರ್ಷ. ನಿಮ್ಮೂರಿನಲ್ಲಿ ಪಳೆಯುಳಿಕೆ ಇದೆ ಎಂದವರು ಪೂರ್ತಿ ಸುಳ್ಳು ಹೇಳಲಿಲ್ಲ, ತಪ್ಪು ಕಲ್ಲಿಗೆ ಬೆರಳು ತೋರಿಸಿದರು ಅಷ್ಟೆ.

ಇನ್ನೊಂದು ಗುರುತು ಕಬ್ಬಿಣದ ಅದಿರು. ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಯ ಕಾರ್ಖಾನೆಗೆ ಹೋದದ್ದು, ಕುದುರೆಮುಖದಲ್ಲಿ ಅಗೆದದ್ದು, ಎರಡರ ಮೂಲವೂ ಒಂದು ಪಟ್ಟೆ ಕಬ್ಬಿಣದ ಶಿಲೆ ಒಂದು ಪಟ್ಟೆ ಬೆಣಚು ಎಂಬಂತೆ ಅಂದಿನ ಸಮುದ್ರದಡಿ ಕೂತ ಶಿಲೆ. ಆಗ ಸಮುದ್ರದ ನೀರಿನಲ್ಲಿ ಕಬ್ಬಿಣ ಕರಗಿತ್ತು, ಎಂದರೆ ಗಾಳಿಯಲ್ಲಿ ಆಕ್ಸಿಜನ್ ಇರಲಿಲ್ಲ ಎನ್ನುವಷ್ಟು ಕಡಿಮೆ. ಬಾಬಾಬುಡನ್ ಶ್ರೇಣಿಯ ಬುಡದಲ್ಲಿ, ಹಳೆಯ ನೈಸಿನ ಮೇಲೆ ಕೂತಿರುವ ಬೆಣಚುಹರಳಿನ ಪದರವೊಂದಿದೆ. ಹೊಳೆಯಲ್ಲಿ ಉರುಳಿ ಉರುಟಾದ ಹರಳುಗಳು, ಅವುಗಳ ನಡುವೆ ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಮತ್ತು ಯುರೇನಿನೈಟ್ (ಯುರೇನಿಯಂ ಆಕ್ಸೈಡ್) ಕಣಗಳು. ಈ ಎರಡೂ ಖನಿಜಗಳು ಇಂದಿನ ಹೊಳೆಯಲ್ಲಿ ಹಾಗೆ ಉರುಳಿ ಬರಲಾರವು, ಆಕ್ಸಿಜನ್ ತಾಗಿ ತುಕ್ಕಾಗಿ, ಕರಗಿ ಹೋಗುತ್ತವೆ. ಆ ಸ್ಥಿತಿಯಲ್ಲಿ ಕರಗಿದ ಕಬ್ಬಿಣವನ್ನು ಅದಿರಾಗಿ ಕೆಡವಿದ್ದರಲ್ಲಿ ಬೆಳಕು ಬಳಸುವ ಬ್ಯಾಕ್ಟೀರಿಯಾಗಳ ಪಾತ್ರ ದೊಡ್ಡದು. ಅವು ಆಕ್ಸಿಜನ್ ಬಿಟ್ಟು ಮಾಡಿದವೋ, ನೇರವಾಗಿ ಕಬ್ಬಿಣವನ್ನೇ ಬಳಸಿ ಮಾಡಿದವೋ ಎನ್ನುವುದು ಇನ್ನೂ ಚರ್ಚೆಯಲ್ಲಿದೆ. ಗಾಳಿಯಲ್ಲಿ ಆಕ್ಸಿಜನ್ ನಿಂತದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ, ನಮ್ಮ ಅದಿರು ಅದಕ್ಕೂ ಮೊದಲಿನದು.

ಎರಡನೆಯ ಒಳ್ಳೆಯ ಪ್ರಶ್ನೆ, ಅಂಕಿ ಯಾಕೆ ಬದಲಾಗುತ್ತ ಬಂತು ಎನ್ನುವುದು. ಭಾವ ಕೊಟ್ಟ ಪಟ್ಟಿ ಹೆಚ್ಚುಕಡಿಮೆ ಸರಿ. ಆದರೆ ಪ್ರತಿ ಅಂಕಿಯ ಹಿಂದೆ ಒಂದು ಊಹೆ ಇತ್ತು, ಆ ಊಹೆ ಎಲ್ಲಿ ಸೋತಿತು ಎಂದು ನೋಡದೆ ಅಂಕಿಯನ್ನಷ್ಟೇ ಸಾಲಾಗಿಟ್ಟರೆ ಏನೂ ತಿಳಿಯುವುದಿಲ್ಲ.

6 ಸಾವಿರ ವರ್ಷ ಎಂದದ್ದು ಭೂವಿಜ್ಞಾನವಲ್ಲ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಬೈಬಲ್ಲಿನ ವಂಶಾವಳಿ ಕೂಡಿಸಿ ಕ್ರಿ.ಪೂ. 4004 ಎಂದ. ಬಂಡೆ ಮುಟ್ಟಿ ನೋಡಿದ ಲೆಕ್ಕ ಅದಲ್ಲ. ಬಂಡೆ ನೋಡಿದ ಜೇಮ್ಸ್ ಹಟನ್ ಅಂಕಿಯನ್ನೇ ಕೊಡಲಿಲ್ಲ. 1788ರಲ್ಲಿ ಸ್ಕಾಟ್ಲೆಂಡಿನ ಸಿಕ್ಕಾರ್ ಪಾಯಿಂಟ್ ಎಂಬ ಕಡಲತೀರದಲ್ಲಿ ಆತ ತೋರಿಸಿದ್ದು ಇಷ್ಟೇ: ಕೆಳಗಿನ ಪದರಗಳು ನೆಟ್ಟಗೆ ನಿಂತಿವೆ, ಅವುಗಳ ತಲೆ ಸವೆದಿದೆ, ಸವೆದ ತಲೆಯ ಮೇಲೆ ಬೇರೆ ಪದರಗಳು ಬಹುತೇಕ ಮಲಗಿದಂತಿವೆ. ಅಂದರೆ ಕೆಸರು ಕೂತು ಕಲ್ಲಾಗಿ, ಮಡಿಸಿ ಮೇಲೆದ್ದು, ಸವೆದು ಮುಳುಗಿ, ಮತ್ತೆ ಕೆಸರು ಕೂತು ಕಲ್ಲಾಗಿ, ಮತ್ತೆ ಮೇಲೆದ್ದಿದೆ. ಇಷ್ಟೆಲ್ಲ ಆಗಲು ಎಷ್ಟು ಕಾಲ ಬೇಕು ಎಂದು ಯೋಚಿಸಿದರೆ 6 ಸಾವಿರ ಸಾಲದು ಎನ್ನುವುದಕ್ಕೆ ಯಂತ್ರ ಬೇಕಿಲ್ಲ. ಚಾರ್ಲ್ಸ್ ಲೈಯಲ್ 1830ರಿಂದ ಬರೆದ ಸಂಪುಟಗಳಲ್ಲಿ ಇದನ್ನೇ ಪಟ್ಟು ಹಿಡಿದು ಬೆಳೆಸಿದ. ಮೊದಲ ಸಂಪುಟ ಬೀಗಲ್ ಹಡಗಿನಲ್ಲಿ ಡಾರ್ವಿನ್ನನ ಜೊತೆಗಿತ್ತು. 1835ರ ಫೆಬ್ರವರಿಯಲ್ಲಿ ಚಿಲಿಯ ಭೂಕಂಪದ ಮೇಲೆ ಕಡಲತೀರ ಕೆಲವು ಅಡಿ ಮೇಲೆದ್ದದ್ದನ್ನು, ಬಂಡೆಗೆ ಅಂಟಿದ ಚಿಪ್ಪುಗಳು ನೀರಿನ ಮೇಲೆ ಉಳಿದದ್ದನ್ನು ಆತ ಕಣ್ಣಾರೆ ಕಂಡ. ಡಾರ್ವಿನ್ ಆ ಹೊತ್ತಿಗೆ ಜೀವವಿಜ್ಞಾನಿ ಎನ್ನುವುದಕ್ಕಿಂತ ಭೂವಿಜ್ಞಾನಿ, ಜನ ಇದನ್ನು ಮರೆಯುತ್ತಾರೆ.

30 ಕೋಟಿಯ ಲೆಕ್ಕ ಅವನದೇ, ವಾಪಸ್ ತೆಗೆದುಕೊಂಡದ್ದೂ ನಿಜ. ದಕ್ಷಿಣ ಇಂಗ್ಲೆಂಡಿನ ವೀಲ್ಡ್ ಎಂಬ ಕಣಿವೆ ಸವೆಯಲು ಎಷ್ಟು ಕಾಲ ಬೇಕು ಎಂದು ಆತ ಲೆಕ್ಕ ಹಾಕಿದ. 500 ಅಡಿ ಎತ್ತರದ ದರೆಯನ್ನು ಸಮುದ್ರ ನೂರು ವರ್ಷಕ್ಕೆ ಒಂದಂಗುಲ ತಿನ್ನುತ್ತದೆ ಎಂದು ಇಟ್ಟುಕೊಂಡ. ಅಗಲ 22 ಮೈಲಿ, ಸವೆದುಹೋದ ದಪ್ಪ ಸರಾಸರಿ 1,100 ಅಡಿ. ಗುಣಿಸಿದರೆ 30,66,62,400 ವರ್ಷ. ಅಂಕಿಯ ಕೊನೆಯ ನಾನೂರು ನೋಡಿದರೆ ನಗು ಬರುತ್ತದೆ. ಒಂದಂಗುಲ ಎನ್ನುವುದೇ ಊಹೆ, ಕಣಿವೆಯನ್ನು ಕಡಿದದ್ದು ಹೆಚ್ಚಾಗಿ ಮಳೆ ಮತ್ತು ಹೊಳೆಯೇ ಹೊರತು ಸಮುದ್ರವಲ್ಲ. ಪ್ರಕಟವಾದ ತಿಂಗಳೊಳಗೆ ಟೀಕೆ ಬಂತು, 1861ರ ಮೂರನೆಯ ಆವೃತ್ತಿಯಲ್ಲಿ ಆ ಲೆಕ್ಕವೇ ಇಲ್ಲ. ವಾಪಸ್ ತೆಗೆದದ್ದು ಒಂದು ಕಣಿವೆಯ ಲೆಕ್ಕವನ್ನು, ವಿಕಾಸದ ವಾದವನ್ನಲ್ಲ.

ಮುಂದಿನ ಪೆಟ್ಟು ದೊಡ್ಡದು, ಕೊಟ್ಟವರು ಆ ಕಾಲದ ಭೌತವಿಜ್ಞಾನದ ದೊಡ್ಡ ತಲೆ, ಮುಂದೆ ಲಾರ್ಡ್ ಕೆಲ್ವಿನ್ ಆದ ವಿಲಿಯಂ ಥಾಮ್ಸನ್. 1862ರ ಅವರ ತರ್ಕ ಅಚ್ಚುಕಟ್ಟು. ಭೂಮಿ ಕರಗಿದ ಉಂಡೆಯಾಗಿ ಶುರುವಾಯಿತು, ಅಲ್ಲಿಂದ ಆರುತ್ತ ಬಂದಿದೆ. ಇಂದು ಗಣಿಯೊಳಗೆ ಇಳಿದಂತೆ ಶಾಖ ಎಷ್ಟು ಏರುತ್ತದೆ ಎಂದು ಅಳೆದರೆ, ಆರಲು ಹಿಡಿದ ಕಾಲ ಸಿಗಬೇಕು. ಅವರು ಇಟ್ಟುಕೊಂಡದ್ದು 50 ಅಡಿಗೆ ಒಂದು ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಕಿಲೋಮೀಟರಿಗೆ ಸುಮಾರು 36 ಡಿಗ್ರಿ ಸೆಲ್ಸಿಯಸ್. ಬಂದ ಉತ್ತರ 9.8 ಕೋಟಿ ವರ್ಷ, ಹೆಚ್ಚುಕಡಿಮೆ ಹಿಡಿದರೆ 2ರಿಂದ 40 ಕೋಟಿ. 1897ರ ಹೊತ್ತಿಗೆ ಅದನ್ನೂ 2ರಿಂದ 4 ಕೋಟಿಗೆ ಇಳಿಸಿದರು. ಇಷ್ಟು ಕಡಿಮೆ ಕಾಲದಲ್ಲಿ ಅಮೀಬಾದಿಂದ ಆನೆಯವರೆಗೆ ಬದಲಾವಣೆ ಆಗುವುದು ಹೇಗೆ? ತನ್ನ ದೊಡ್ಡ ತಲೆನೋವುಗಳಲ್ಲಿ ಇದೂ ಒಂದು ಎಂದು ಡಾರ್ವಿನ್, ಇದೇ ಸಿದ್ಧಾಂತವನ್ನು ತಾವಾಗಿಯೇ ಕಂಡುಕೊಂಡಿದ್ದ ವಾಲೇಸರಿಗೆ ಬರೆದಿದ್ದಾನೆ. 1899ರಲ್ಲಿ ಜಾನ್ ಜೋಲಿ ಎಂಬಾತ ಸಮುದ್ರದ ಉಪ್ಪನ್ನು ಹೊಳೆಗಳು ತರುವ ಉಪ್ಪಿನಿಂದ ಭಾಗಿಸಿ 8ರಿಂದ 9 ಕೋಟಿ ಎಂದ. ಸಮುದ್ರ ಸೇರಿದ ಉಪ್ಪು ಮತ್ತೆ ಕಲ್ಲಾಗಿ ನೆಲಕ್ಕೆ ವಾಪಸಾಗುತ್ತದೆ ಎನ್ನುವುದನ್ನು ಬಿಟ್ಟಿದ್ದ. ಎರಡು ತಪ್ಪು ಲೆಕ್ಕಗಳು ಹತ್ತಿರ ಹತ್ತಿರ ಬಂದು, ಬಹಳ ಜನ 10 ಕೋಟಿಗೆ ಒಗ್ಗಿಕೊಂಡರು.

ಕೆಲ್ವಿನ್ ಎಲ್ಲಿ ತಪ್ಪಿದರು? ಪಠ್ಯಪುಸ್ತಕದ ಸಿದ್ಧ ಉತ್ತರ, ವಿಕಿರಣಶೀಲತೆಯ ಶಾಖ ಅವರಿಗೆ ಗೊತ್ತಿರಲಿಲ್ಲ ಎನ್ನುವುದು. ಇದು ಅರ್ಧ ಸತ್ಯವೂ ಅಲ್ಲ. ಆ ಶಾಖವನ್ನು ಅವರ ಸಮೀಕರಣಕ್ಕೆ ಸೇರಿಸಿದರೂ ಉತ್ತರ ಅಷ್ಟೇನೂ ಬದಲಾಗುವುದಿಲ್ಲ. ನಿಜವಾದ ದೋಷ, ಭೂಮಿಯ ಒಳಗನ್ನು ಅಲುಗಾಡದ ಗಟ್ಟಿ ಉಂಡೆ ಎಂದು ಭಾವಿಸಿದ್ದು. ಒಳಗಿನ ಬಿಸಿ ಕಲ್ಲು ಬಹಳ ನಿಧಾನವಾಗಿ ಮೇಲೆ ಬಂದು, ತಣಿದದ್ದು ಕೆಳಗಿಳಿಯುತ್ತಿದ್ದರೆ ಮೇಲ್ಪದರಕ್ಕೆ ಶಾಖ ಬರುತ್ತಲೇ ಇರುತ್ತದೆ, ಆಗ 9.8 ಕೋಟಿಯ ಲೆಕ್ಕ ನಿಲ್ಲುವುದಿಲ್ಲ. ಇದನ್ನು 1895ರಲ್ಲೇ ಅವರ ಹಳೆಯ ಸಹಾಯಕ ಜಾನ್ ಪೆರ್ರಿ ಬರೆದು ತೋರಿಸಿ, 200 ಕೋಟಿ ದಾಟಬಹುದು ಎಂದರು. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಕೆಲ್ವಿನ್ ವಿಧಾನ ಎಷ್ಟು ಸೂಕ್ಷ್ಮ ಎನ್ನುವುದಕ್ಕೆ ನಮ್ಮದೇ ಒಂದು ಉದಾಹರಣೆ ಇದೆ. ಕೋಲಾರದ ಚಿನ್ನದ ಗಣಿ 3 ಕಿಲೋಮೀಟರಿಗಿಂತ ಆಳ, ತಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಮೀರಿತ್ತು. ಮೇಲಿನ ನೆಲದ ಉಷ್ಣತೆ ಕಳೆದು ಲೆಕ್ಕ ಹಾಕಿದರೆ ಕಿಲೋಮೀಟರಿಗೆ 12 ಡಿಗ್ರಿ ಆಸುಪಾಸು ಬರುತ್ತದೆ, ಕೆಲ್ವಿನ್ ಅಂಕಿಯ ಮೂರನೇ ಒಂದು ಭಾಗ. ಅವರ ಸೂತ್ರದಲ್ಲಿ ಇದು ವರ್ಗವಾಗಿ ಕೆಲಸ ಮಾಡುತ್ತದೆ, ಹಾಗಾಗಿ ಉತ್ತರ ಒಂಬತ್ತು ಪಟ್ಟು, ಸುಮಾರು 88 ಕೋಟಿ. ಯಾವ ಗಣಿಗೆ ಇಳಿದಿರಿ ಎನ್ನುವುದರ ಮೇಲೆ ಭೂಮಿಯ ವಯಸ್ಸು ಬದಲಾಗುವುದಾದರೆ ಆ ಗಡಿಯಾರ ಸರಿಯಿಲ್ಲ ಎಂದೇ ಅರ್ಥ.

ಸರಿಯಾದ ಗಡಿಯಾರ ಸಿಕ್ಕಿದ್ದು ವಿಕಿರಣಶೀಲತೆಯಿಂದ, ಅಂದರೆ ಯುರೇನಿಯಂನಂಥ ಧಾತು ತಾನಾಗಿಯೇ, ಗೊತ್ತಾದ ವೇಗದಲ್ಲಿ ಸವೆದು ಕೊನೆಗೆ ಸೀಸವಾಗುವುದರಿಂದ. 1896ರಲ್ಲಿ ಬೆಕರೆಲ್ ಅದನ್ನು ಕಂಡ, 1907ರಲ್ಲಿ ಬೋಲ್ಟ್‌ವುಡ್ ಖನಿಜಗಳ ಯುರೇನಿಯಂ ಮತ್ತು ಸೀಸದ ಪ್ರಮಾಣ ನೋಡಿ 41ರಿಂದ 220 ಕೋಟಿ ವರ್ಷಗಳ ಅಂಕಿ ಕೊಟ್ಟ. 1956ರಲ್ಲಿ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಗಳ ಸೀಸ ಅಳೆದು 455 ಕೋಟಿ, 7 ಕೋಟಿ ಆಚೀಚೆ ಎಂದ. ಇಂದಿನ ಅಂಕಿ 454 ಕೋಟಿ, 5 ಕೋಟಿ ಆಚೀಚೆ. ಭಾವನ ಪಟ್ಟಿ ನಿಜಕ್ಕೂ ನಿಲ್ಲುವುದು ಇಲ್ಲಿ. ಅಲ್ಲಿಂದೀಚೆಗೆ ಉಪಕರಣಗಳೆಲ್ಲ ಬದಲಾದವು, ಅಂಕಿ ಬದಲಾಗಲಿಲ್ಲ.

ಕಾರ್ಬನ್ ಡೇಟಿಂಗ್ ಬಗ್ಗೆ ಭಾವ ಹೇಳಿದ್ದು ಸರಿ, ಆದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಕಾರ್ಬನ್-14ರ ಅರ್ಧಾಯುಷ್ಯ, ಅಂದರೆ ಇದ್ದದ್ದು ಸವೆದು ಅರ್ಧವಾಗಲು ಹಿಡಿಯುವ ಕಾಲ, 5,730 ವರ್ಷ. ಒಂದು ಕಾಲದಲ್ಲಿ ಬದುಕಿದ್ದ ವಸ್ತುವಿಗೆ, ಸುಮಾರು 50 ಸಾವಿರ ವರ್ಷದೊಳಗೆ ಮಾತ್ರ ಅದು ನಡೆಯುತ್ತದೆ. ಅದರಿಂದ ಬಂಡೆ ಅಳೆಯುವವರು ಯಾರೂ ಇಲ್ಲ. ಅಡಿಕೆ ಮೂಟೆಯನ್ನು ಅಕ್ಕಸಾಲಿಗರ ತಕ್ಕಡಿಗೆ ಹೇರಿ, ತಕ್ಕಡಿಯೇ ಸುಳ್ಳು ಎಂದ ಹಾಗಾಯಿತು.

ಬಂಡೆಗೆ ಬಳಸುವುದು ಜಿರ್ಕಾನ್ ಎಂಬ ಹರಳು, ಹೆಚ್ಚಾಗಿ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಉದ್ದ. ನೈಸ್ ಆಗಲಿ ಗ್ರಾನೈಟ್ ಆಗಲಿ, ಬಿಸಿಲುಮಳೆ ತಿಂದು ಮೆತ್ತಗಾಗದ ಭಾಗದಿಂದ ಕೆಲವು ಕೆ.ಜಿ. ಒಡೆದು ತರುತ್ತಾರೆ. ಅರೆದು, ಜರಡಿ ಹಿಡಿದು, ಹಗುರ ಕಣ ತೇಲಿ ಭಾರದ್ದು ಮುಳುಗುವ ದಟ್ಟ ದ್ರವಕ್ಕೆ ಹಾಕಿ, ಅಯಸ್ಕಾಂತದಿಂದ ಬೇಡದ್ದನ್ನು ತೆಗೆದು, ಉಳಿದ ಹರಳುಗಳನ್ನು ಸೂಕ್ಷ್ಮದರ್ಶಕದಡಿ ಒಂದೊಂದಾಗಿ ಆರಿಸುತ್ತಾರೆ. ಜಿರ್ಕಾನ್ ಹುಟ್ಟುವಾಗ ಯುರೇನಿಯಂ ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಿಟ್ಟುಕೊಳ್ಳುವುದಿಲ್ಲ ಎನ್ನಬಹುದು. ಈಗ ಒಳಗಿರುವ ಸೀಸವೆಲ್ಲ ಯುರೇನಿಯಂ ಸವೆದು ಬಂದದ್ದೇ. ಒಂದೇ ಹರಳಿನಲ್ಲಿ ಎರಡು ಗಡಿಯಾರಗಳು: ಯುರೇನಿಯಂ-238 ಅರ್ಧವಾಗಲು 447 ಕೋಟಿ ವರ್ಷ, ಯುರೇನಿಯಂ-235 ಅರ್ಧವಾಗಲು 70.4 ಕೋಟಿ. ಎರಡೂ ಒಂದೇ ವಯಸ್ಸು ಹೇಳಿದರೆ ನಂಬಬಹುದು. ಹೇಳದಿದ್ದರೆ ಎಲ್ಲೋ ಸೀಸ ಸೋರಿದೆ ಎಂದು ಅಲ್ಲೇ ಗೊತ್ತಾಗುತ್ತದೆ. ತಪ್ಪಾಗುವ ಜಾಗ ಇನ್ನೊಂದಿದೆ: ಹಳೆಯ ಹರಳಿನ ಸುತ್ತ ಆಮೇಲಿನ ಬಿಸಿಗೆ ಹೊಸ ಪದರ ಬೆಳೆದಿರುತ್ತದೆ. ನಡುವಿನದನ್ನೂ ಅಂಚಿನದನ್ನೂ ಬೆರೆಸಿ ಅಳೆದರೆ ಯಾವುದಕ್ಕೂ ಸೇರದ ವಯಸ್ಸು ಬರುತ್ತದೆ. ಅದಕ್ಕೇ ಮೊದಲು ಹರಳನ್ನು ಅರ್ಧಕ್ಕೆ ಉಜ್ಜಿ, ಒಳಗಿನ ಬಳೆಗಳ ಚಿತ್ರ ತೆಗೆದು, ಆಮೇಲೆ ಎಲ್ಲಿ ಅಳೆಯಬೇಕೆಂದು ಗುರುತು ಹಾಕುತ್ತಾರೆ.

ಈ ಹರಳುಗಳು ನಮ್ಮಲ್ಲೇ ಒಂದು ಹಳೆಯ ಜಗಳ ಬಗೆಹರಿಸಿದವು. ಧಾರವಾಡ ಶಿಲೆಗಳಿಗೆ ಆ ಹೆಸರಿಟ್ಟವರು ರಾಬರ್ಟ್ ಬ್ರೂಸ್ ಫುಟ್, 1880ರ ದಶಕದಲ್ಲಿ. ಮುಂದೆ ಮೈಸೂರು ಭೂವಿಜ್ಞಾನ ಇಲಾಖೆಯ ಮುಖ್ಯಸ್ಥ ಸ್ಮೀತ್ 1916ರಲ್ಲಿ, ಧಾರವಾಡ ಶಿಲೆಯೇ ಹಳೆಯದು, ನೈಸ್ ಆಮೇಲೆ ಕರಗಿ ನುಗ್ಗಿದ್ದು ಎಂದರು. ಬೇರೆಯವರು ಅಲೆಯ ಗುರುತು, ಉರುಟು ಹರಳು ತೋರಿಸಿ ಇವು ನೀರಿನಲ್ಲಿ ಕೂತ ಶಿಲೆಗಳು, ಕೆಳಗೊಂದು ನೆಲ ಇದ್ದಿರಲೇಬೇಕು ಎಂದರು. ವಯಸ್ಸು ಅಳೆದಾಗ ನೈಸಿನ ಹೆಚ್ಚಿನ ಭಾಗ ಹಳೆಯದೇ ಎಂದು ಬಂತು, ಆದರೆ ಆಮೇಲೆ ನುಗ್ಗಿದ ಗ್ರಾನೈಟುಗಳೂ ಇವೆ ಎಂದೂ ಬಂತು. ಸ್ಮೀತ್ ಕಣ್ಣಿಗೆ ಕಂಡದ್ದು ಸುಳ್ಳಾಗಿರಲಿಲ್ಲ, ಎಲ್ಲ ನೈಸಿಗೂ ಅದನ್ನೇ ಹಚ್ಚಿದ್ದು ಹೆಚ್ಚಾಯಿತು. ಇಲ್ಲಿ ಇನ್ನೊಂದು ಗೊಂದಲವೂ ಸಾಮಾನ್ಯ. ಬಂಡೆಯ ವಯಸ್ಸು ಬೇರೆ, ಬೆಟ್ಟದ ಆಕಾರದ ವಯಸ್ಸು ಬೇರೆ. ಆಗುಂಬೆಯ ಕಡಿದಾದ ಘಟ್ಟ ರೂಪುಗೊಂಡದ್ದು ಮಡಗಾಸ್ಕರ್ ನಮ್ಮಿಂದ ಸೀಳಿ ಹೋದ ಮೇಲಿನ ಕಾಲದಲ್ಲಿ. ಆ ಸೀಳಿನ ಹೊತ್ತಿನ ಲಾವಾ ಮಲ್ಪೆಯ ಸೇಂಟ್ ಮೇರಿಸ್ ದ್ವೀಪದಲ್ಲಿ ಕಂಬ ಕಂಬವಾಗಿ ನಿಂತಿದೆ, ವಯಸ್ಸು ಸುಮಾರು 8.8 ಕೋಟಿ.

ಕಲ್ಪದ ಲೆಕ್ಕಕ್ಕೆ ಬರೋಣ. 43,20,000 ವರ್ಷದ ಮಹಾಯುಗ ಸಾವಿರ ಸಲ, 432 ಕೋಟಿ. ಇದು 454ಕ್ಕೆ ಹತ್ತಿರ, ನಿಜ. ಆದರೆ 432 ಕೋಟಿ ಎನ್ನುವುದು ಒಂದು ಕಲ್ಪದ ಪೂರ್ತಿ ಉದ್ದ, ಈವರೆಗೆ ಕಳೆದ ಕಾಲವಲ್ಲ. ಸಂಕಲ್ಪ ಹೇಳುವಾಗ ಶ್ವೇತವರಾಹಕಲ್ಪೇ, ವೈವಸ್ವತ ಮನ್ವಂತರೇ, ಅಷ್ಟಾವಿಂಶತಿತಮೇ ಕಲಿಯುಗೇ ಎನ್ನುತ್ತೇವಲ್ಲ, ಅದನ್ನೇ ಕೂಡಿಸಿ. ಕಳೆದ ಆರು ಮನ್ವಂತರ, ಏಳು ಸಂಧಿಕಾಲ, ಇಪ್ಪತ್ತೇಳು ಮಹಾಯುಗ, ಮೇಲೆ ಕೃತ, ತ್ರೇತಾ, ದ್ವಾಪರ. ಸುಮಾರು 197 ಕೋಟಿ ಬರುತ್ತದೆ. ನಮ್ಮ ಕೆಮ್ಮಣ್ಣುಗುಂಡಿಯ ಅದಿರೇ ಅದಕ್ಕಿಂತ ಹಳೆಯದು. ಅಷ್ಟು ದೊಡ್ಡ ಕಾಲವನ್ನು ಕಲ್ಪಿಸಿಕೊಳ್ಳಲು ಹಿಂಜರಿಯದ ಪರಂಪರೆ ಎಂದು ಹೆಮ್ಮೆ ಪಡಿ, ಅಡ್ಡಿಯಿಲ್ಲ. ಅದು ಗ್ರಹಗತಿಯ ಗಣಿತ, ಬಂಡೆಯ ಅಳತೆಯಲ್ಲ. ದಶಾವತಾರವನ್ನು ವಿಕಾಸಕ್ಕೆ ಜೋಡಿಸಿದ್ದು ಡಾರ್ವಿನ್ನನ ನಂತರ. ಥಿಯಾಸಫಿ ಎಂಬ ಆಧ್ಯಾತ್ಮ ಪಂಥದ ಬ್ಲಾವಟ್ಸ್ಕಿ 1877ರಲ್ಲೇ ಹಾಗೆ ಬರೆದಿದ್ದರು. ಮೀನು, ಆಮೆ, ಹಂದಿ ಎನ್ನುವುದು ಒಂದರ ಹಿಂದೆ ಒಂದು ನಡೆಯುವ ಸಾಲು, ವಿಕಾಸದ ಚಿತ್ರ ಕವಲೊಡೆದ ಮರ. ಹಂದಿ ಮನುಷ್ಯನ ಪೂರ್ವಜನಲ್ಲ, ದೂರದ ದಾಯಾದಿ.

ಸಿದ್ಧಾಂತಕ್ಕೂ ಕಥೆಗೂ ಇರುವ ವ್ಯತ್ಯಾಸ ಕೇಳಿದರೆ ಮಗಳು ಈ ಉದಾಹರಣೆ ಕೊಡಲಿ. ಮೀನು ನೆಲಕ್ಕೆ ಬಂದ ಹಂತದ ಪ್ರಾಣಿ ಸುಮಾರು 37.5 ಕೋಟಿ ವರ್ಷದ ಹೊಳೆಕೆಸರಿನ ಶಿಲೆಯಲ್ಲಿ ಇರಬೇಕು ಎಂದು ಲೆಕ್ಕ ಹಾಕಿ, ಭೂನಕ್ಷೆಯಲ್ಲಿ ಅಂಥ ಶಿಲೆ ಹುಡುಕಿ, ಕೆನಡಾದ ಎಲ್ಸ್‌ಮಿಯರ್ ದ್ವೀಪಕ್ಕೆ ಹೋದ ತಂಡಕ್ಕೆ 2004ರಲ್ಲಿ ಅಂಥದೇ ಪ್ರಾಣಿ, ಟಿಕ್ಟಾಲಿಕ್, ಸಿಕ್ಕಿತು. ಊರಿನದೇ ಬೇಕೆಂದರೆ, ಮಳೆಗಾಲದಲ್ಲಿ ತೋಟದ ಒದ್ದೆ ಮಣ್ಣಿನಲ್ಲಿ ಸಿಗುವ, ಹಾವಿನ ಮರಿ ಎಂದು ಕೊಲ್ಲುವ ಕಾಲಿಲ್ಲದ ಉಭಯಚರ ಸಿಸಿಲಿಯನ್ ಇದೆ. ಪಶ್ಚಿಮ ಘಟ್ಟದ ಗೆಗೆನಿಯೋಫಿಸ್ ಎಂಬ ಸಿಸಿಲಿಯನ್ ಕುಲದ ಹತ್ತಿರದ ಬಂಧುಗಳು ಸೀಶೆಲ್ಸ್ ದ್ವೀಪಗಳಲ್ಲಿವೆ. ಉಪ್ಪುನೀರು ತಾಳದ ಪ್ರಾಣಿ ಸಮುದ್ರ ಈಜಿ ಹೋಗಿರಲಾರದು. ಸೀಶೆಲ್ಸ್ ಭಾರತದಿಂದ ಬೇರೆಯಾದದ್ದು ಸುಮಾರು 6.5 ಕೋಟಿ ವರ್ಷಗಳ ಹಿಂದೆ, ಒಂದೇ ನೆಲದಲ್ಲಿದ್ದ ಪೂರ್ವಜರ ವಂಶ ಆಗ ಎರಡು ಕಡೆ ಹಂಚಿಹೋಯಿತು.

ಪಠ್ಯದ ವಿಷಯ ಸಣ್ಣದು. ಎನ್‌ಸಿಇಆರ್‌ಟಿ 10ನೇ ತರಗತಿಯಿಂದ ವಿಕಾಸದ ಭಾಗ ಕೈಬಿಟ್ಟಾಗ ಕೊಟ್ಟ ಕಾರಣ ಕೋವಿಡ್ ನಂತರ ಪಾಠದ ಹೊರೆ ಇಳಿಸುವುದು. ಆ ನಿರ್ಧಾರವನ್ನು ಬಹಳ ವಿಜ್ಞಾನಿಗಳು ವಿರೋಧಿಸಿದರು, ನನ್ನ ಅಭಿಪ್ರಾಯವೂ ಅದೇ. 12ನೇ ತರಗತಿಯ ಜೀವವಿಜ್ಞಾನದಲ್ಲಿ ಆ ಅಧ್ಯಾಯ ಇದೆ, ನಿಮ್ಮ ಮಗಳ ಪುಸ್ತಕ ತೆರೆದು ನೋಡಿ.

ಈಗ ಕಲ್ಲನ್ನು ಏನು ಮಾಡುವುದು. ಹಣ ಕೊಟ್ಟು ಡೇಟಿಂಗ್ ಮಾಡಿಸಬೇಡಿ. ಕಾರ್ಬನ್ ಇದಕ್ಕೆ ನಡೆಯುವುದಿಲ್ಲ, ಡೆಂಡ್ರೈಟ್ ಯಾವಾಗ ಬೆಳೆಯಿತು ಎನ್ನುವುದನ್ನು ಜಿರ್ಕಾನೂ ಹೇಳುವುದಿಲ್ಲ. ಮಾರಲು ಹೋದರೆ ಮಧ್ಯವರ್ತಿ 'ಪರೀಕ್ಷಾ ಶುಲ್ಕ' ಎಂದು ನಿಮ್ಮಿಂದಲೇ ಕೀಳುವ ಸಾಧ್ಯತೆ ಹೆಚ್ಚು. ಪ್ರದರ್ಶನಕ್ಕೆ ಧಾರಾಳವಾಗಿ ಇಡಬಹುದು, 'ಪಳೆಯುಳಿಕೆಯಂತೆ ಕಾಣುವ ಆದರೆ ಅಲ್ಲದ ಕಲ್ಲು' ಎಂದು ಚೀಟಿ ಹಚ್ಚಿ, ಪಕ್ಕದಲ್ಲಿ ಪೆರಾಕ್ಸೈಡ್ ಪರೀಕ್ಷೆ ಮಾಡಿ ತೋರಿಸಿದರೆ ಸಾಕು. ವಾರ್ನಿಷ್ ಬಳಿಯಬೇಡಿ, ಬಳಿದ ಮೇಲೆ ಯಾವ ಪರೀಕ್ಷೆಯೂ ನಡೆಯುವುದಿಲ್ಲ. ಸಿಕ್ಕ ಜಾಗ, ಆಳ, ದಿನಾಂಕ ಒಂದು ಕಾಗದದಲ್ಲಿ ಬರೆದು ಕಲ್ಲಿನ ಜೊತೆಗೇ ಇಡಿ.

ಒಂದು ವೇಳೆ ಅದೇ ದರೆಯಲ್ಲಿ ಸುಣ್ಣಶಿಲೆಯ ಪದರ ಕಂಡು, ಅದರಲ್ಲಿ ಗುಬುಟು ಗುಬುಟಾಗಿ ಮೇಲಕ್ಕೆ ಉಬ್ಬಿದ ತೆಳು ಪದರಗಳಿದ್ದರೆ ಸುತ್ತಿಗೆ ಹಾಕಬೇಡಿ, ಜೆಸಿಬಿಯವನಿಗೂ ಆ ಜಾಗ ಬಿಡಲು ಹೇಳಿ. ಸುಣ್ಣಶಿಲೆ ಹೌದೋ ಎಂದು ನೋಡಲು ಉದುರಿದ ಚೂರೊಂದನ್ನು ಕುಟ್ಟಿ ಪುಡಿ ಮಾಡಿ ನಿಂಬೆರಸ ಹಾಕಿ. ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜವಾದರೆ ಬೇಗ ನೊರೆ ಬರುತ್ತದೆ, ಮೆಗ್ನೀಸಿಯಂ ಬೆರೆತ ಡಾಲಮೈಟ್ ಆದರೆ ಪುಡಿಯಲ್ಲೂ ನಿಧಾನ, ಬಿಸಿ ಮಾಡಿದ ವಿನೆಗರ್ ಬೇಕಾಗಬಹುದು. ಮಡಿಸಿಹೋದ ಶಿಲೆಯಲ್ಲೂ ಉಬ್ಬುಗಳಿರುತ್ತವೆ. ಮಡಿಕೆಯಾದರೆ ಮೇಲಿನ ಕೆಳಗಿನ ಪದರಗಳೆಲ್ಲ ಒಟ್ಟಿಗೇ ಬಾಗಿರುತ್ತವೆ, ಸ್ಟ್ರೊಮಟೊಲೈಟ್ ಆದರೆ ಗುಬುಟುಗಳ ಸಂದಿನಲ್ಲಿ ಬೇರೆ ಕೆಸರು ತುಂಬಿರುತ್ತದೆ. ಅಳತೆಗೆ ಪಕ್ಕದಲ್ಲೊಂದು ಸ್ಕೇಲ್ ಇಟ್ಟು, ನೇರ ಮೇಲಿನಿಂದ ಒಂದು, ಅಡ್ಡ ಮುಖದಿಂದ ಒಂದು ಫೋಟೋ ತೆಗೆದು ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೋ, ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿಗೋ ಕಳಿಸಿ. ಅಂಗಳದ ಕೆಲಸಕ್ಕೆ ಅವಸರವಿದ್ದರೆ ದರೆಯ ಉಳಿದ ಭಾಗವನ್ನು ಮಳೆಗಾಲಕ್ಕೆ ಮುಂಚೆ ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು ಮಾಡಿಸಿಕೊಳ್ಳಿ. ಹಲಗೆಯಂತೆ ಸೀಳುವ ಕಲ್ಲು ಅಂಗಳದ ಕಡೆಗೇ ವಾಲಿದ್ದರೆ ಸಂದಿಗೆ ನೀರಿಳಿದು ಇಡಿಯಾಗಿ ಜಾರುತ್ತದೆ, ಪಳೆಯುಳಿಕೆ ಇರಲಿ ಬಿಡಲಿ.